‘ಯಾಕೆ’ಯಿಂದ ‘ಆದ್ದರಿಂದ’ದವರೆಗೆ: ಗಣಿತದಲ್ಲಿ ವಾದ ಮತ್ತು ಸಾಧನೆ

ಪರೀಕ್ಷೆಯ ದಿನಗಳು ಸಮೀಪಿಸುತ್ತಿದ್ದ ಒಂದು ಸಂಜೆ. ಕುಂಬಳೆಯ ಆಚೆಗಿನ ಬಂಧುಗಳ ಮನೆಯ ಚಾವಡಿಯಲ್ಲಿ ಕುಳಿತಿದ್ದೆ. ಹತ್ತನೆಯ ತರಗತಿಯ ಬಾಲಕಿ ಗಣಿತದ ನೋಟುಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಗಟ್ಟಿಯಾಗಿ ಕಂಠಪಾಠ ಮಾಡುತ್ತಿದ್ದಳು. ಅರ್ಧವೃತ್ತದಲ್ಲಿ ಉಂಟಾಗುವ ಕೋನವು 90 ಡಿಗ್ರಿ ಎಂದು ತೋರಿಸುವ ಎಂಟು ಸಾಲುಗಳು. ಪಕ್ಕದಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜ ಕೈ ನಿಲ್ಲಿಸಿ ಕೇಳಿದರು: “ಅದು ಹಾಗೆಯೇ ಆಗಬೇಕೆಂದು ಯಾಕೆ ಮಗಾ?”

“ನೋಟ್ಸಿನಲ್ಲಿ ಹಾಗೆಯೇ ಇದೆ ಅಜ್ಜ. ಹೀಗೆ ಬರೆದರೆ ಪೂರ್ತಿ ಮಾರ್ಕು.”

“ಮಾರ್ಕು ಸಿಕ್ಕಿದ್ದು ನೋಟ್ಸಿನ ಮಾತಿಗೆ. ನಿನ್ನ ಮಾತು ಯಾವುದು?”

ಹುಡುಗಿ ನಕ್ಕು ಸುಮ್ಮನಾದಳು. ನಾನು ಅದೇ ಚಿತ್ರವನ್ನು ಸ್ವಲ್ಪ ತಿರುಗಿಸಿ ಬರೆದು, ಎ, ಬಿ, ಸಿ ಎಂಬ ಅಕ್ಷರಗಳ ಬದಲಿಗೆ ಪಿ, ಕ್ಯೂ, ಆರ್ ಎಂದು ಹೆಸರಿಟ್ಟು ಕೊಟ್ಟೆ. ಎಂಟು ಸಾಲುಗಳಲ್ಲಿ ಎರಡನೆಯದಕ್ಕೇ ಅವಳ ಪೆನ್ನು ನಿಂತಿತು. ಇದು ಒಬ್ಬಳ ಕಥೆಯಲ್ಲ. ನಮ್ಮ ಮನೆಗಳಲ್ಲಿ, ನಮ್ಮ ಶಾಲೆಗಳಲ್ಲಿ ವರ್ಷವರ್ಷವೂ ನಡೆಯುವ ಸಂಗತಿ. ಮಗು ಜಾಣೆ, ಮನೆಯಲ್ಲಿ ತಮ್ಮನೊಡನೆ ವಾದಕ್ಕಿಳಿದರೆ ಒಂದಿಷ್ಟೂ ಬಿಟ್ಟುಕೊಡುವವಳಲ್ಲ. ಆದರೆ ಗಣಿತದ ಪುಸ್ತಕ ತೆರೆದೊಡನೆ ಆ ವಾದಶಕ್ತಿಯನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಒಳಗೆ ಬರುತ್ತಾಳೆ. ವಾದಕ್ಕೂ ಸಾಧನೆಗೂ ನಡುವೆ ಇರುವ ನಂಟೇನು, ಅಂತರವೇನು ಎಂಬ ಪ್ರಶ್ನೆ ಆ ಸಂಜೆಯಿಂದ ನನ್ನನ್ನು ಬಿಟ್ಟಿಲ್ಲ.

ತಾಳಮದ್ದಳೆಯ ಕೂಟ ಮತ್ತು ಗಣಿತದ ತರಗತಿ

ವಾದವೆಂದರೇನೆಂದು ನಮ್ಮ ನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಾಳಮದ್ದಳೆಯ ಕೂಟಗಳಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆಯನ್ನು ಕೇಳಿ ಬೆಳೆದ ಮಣ್ಣು ಇದು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಧರ್ಮವೇ ಎಂದು ವಾಲಿ ಕೇಳುತ್ತಾನೆ, ರಾಮ ಉತ್ತರಿಸುತ್ತಾನೆ. ಸಮರ್ಥ ಅರ್ಥಧಾರಿಯಾದರೆ ವಾಲಿಯ ಪಕ್ಷವೇ ಸರಿ ಎನಿಸುವಂತೆ ಮಾತಾಡಬಲ್ಲ. ಮತ್ತೊಂದು ಕೂಟದಲ್ಲಿ ರಾಮನಾಗಿ ಕುಳಿತು ಅದೇ ವಾದವನ್ನು ಮುರಿಯಬಲ್ಲ. ಸಭೆ ಎರಡಕ್ಕೂ ತಲೆದೂಗುತ್ತದೆ. ಅಲ್ಲಿ ಒಂದು ಮಾತಿನ ಬೆಲೆ ಅದರ ಔಚಿತ್ಯದಲ್ಲಿ, ಸಮಯಸ್ಫೂರ್ತಿಯಲ್ಲಿ, ಕೇಳುಗನ ಮನಸ್ಸನ್ನು ಒಲಿಸುವ ಬಲದಲ್ಲಿದೆ.

ಗಣಿತದ ಸಾಧನೆಯೂ ಕೇಳುಗನನ್ನು ಒಪ್ಪಿಸುವ ಮಾತೇ. ಆದರೆ ಅಲ್ಲಿ ಒಪ್ಪಿಗೆ ಹುಟ್ಟುವ ಬಗೆ ಬೇರೆ. ವಾದದಲ್ಲಿ ಐದು ಕಾರಣ ಕೊಟ್ಟವನ ಒಂದು ಕಾರಣ ಬಿದ್ದುಹೋದರೂ ನಾಲ್ಕು ಉಳಿಯುತ್ತವೆ. ಅದು ತಕ್ಕಡಿಗೆ ತೂಕದ ಕಲ್ಲುಗಳನ್ನು ಹಾಕುತ್ತ ಹೋದಂತೆ. ಸಾಧನೆಯಾದರೋ ಬಾವಿಗಿಳಿಸಿದ ಹಗ್ಗದಂತೆ. ಒಂದು ಕಡೆ ತುಂಡಾಯಿತೆಂದರೆ ಉಳಿದ ಭಾಗ ಎಷ್ಟು ಗಟ್ಟಿಯಾಗಿದ್ದರೂ ಕೊಡ ಮೇಲೆ ಬರುವುದಿಲ್ಲ. ಈ ವ್ಯತ್ಯಾಸವನ್ನು ಫ್ರಾನ್ಸಿನ ರೇಮಂಡ್ ದ್ಯುವಾಲ್ ಎಂಬ ವಿದ್ವಾಂಸರು 1990ರ ದಶಕದ ಆರಂಭದಲ್ಲಿ ಒತ್ತಿ ಹೇಳಿದರು. ವಾದ ಮತ್ತು ಸಾಧನೆ ಎರಡರಲ್ಲೂ ‘ಏಕೆಂದರೆ’, ‘ಆದ್ದರಿಂದ’ ಎಂಬ ಒಂದೇ ಪದಗಳು ಬರುವುದರಿಂದ ಎರಡೂ ಒಂದೇ ಎಂಬ ಭ್ರಮೆ ಹುಟ್ಟುತ್ತದೆ; ಆದರೆ ಸಾಧನೆಯಲ್ಲಿ ಒಂದು ವಾಕ್ಯ ಏನು ಹೇಳುತ್ತದೆ ಎಂಬುದಷ್ಟೇ ಅಲ್ಲ, ಅದು ಯಾವ ಸ್ಥಾನದಲ್ಲಿದೆ, ಅಂದರೆ ಕೊಟ್ಟದ್ದೋ, ಮೊದಲೇ ಸಿದ್ಧವಾದದ್ದೋ, ಈಗ ಪಡೆದದ್ದೋ ಎಂಬುದು ಮುಖ್ಯ ಎಂಬುದು ಅವರ ನಿಲುವು. ವಾದದಲ್ಲಿ ಪಳಗಿದ ಮಗುವಿಗೆ ಸಾಧನೆ ತಾನಾಗಿ ಒಲಿಯದು ಎಂಬ ಎಚ್ಚರಿಕೆ ಇದರಲ್ಲಿದೆ.

ಸಾವಿರ ಉದಾಹರಣೆಗಳೂ ಸಾಲದಾಗುವ ಸ್ಥಳ

ಮಕ್ಕಳ ಮೊದಲ ವಾದವೆಂದರೆ ಉದಾಹರಣೆ. “ನಾನು ನಾಲ್ಕು ಸಲ ಮಾಡಿ ನೋಡಿದೆ, ಸರಿಯಾಯಿತು.” ವ್ಯವಹಾರದಲ್ಲಿ ಇದು ಒಳ್ಳೆಯ ವಾದವೇ. ಒಂದು ಅಂಗಡಿಯ ಅಕ್ಕಿ ನಾಲ್ಕು ಸಲ ಚೆನ್ನಾಗಿದ್ದರೆ ಐದನೆಯ ಸಲವೂ ನಾವು ಅಲ್ಲಿಗೇ ಹೋಗುತ್ತೇವೆ. ಗಣಿತದಲ್ಲಿ ಮಾತ್ರ ಈ ನಂಬಿಕೆ ಕೈಕೊಡುತ್ತದೆ.

ಒಂದು ವೃತ್ತವನ್ನು ಎಳೆದು ಅದರ ಅಂಚಿನಲ್ಲಿ ಬಿಂದುಗಳನ್ನು ಇಟ್ಟು, ಪ್ರತಿಯೊಂದನ್ನೂ ಉಳಿದೆಲ್ಲವುಗಳೊಂದಿಗೆ ಗೆರೆಯಿಂದ ಸೇರಿಸಿರಿ. ಒಳಗೆ ಮೂರು ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡದಂತೆ ನೋಡಿಕೊಳ್ಳಿರಿ. ಬಿಂದು 1 ಇದ್ದರೆ ವೃತ್ತ ಇಡಿಯಾಗಿ 1 ಭಾಗ. 2 ಬಿಂದುಗಳಿಗೆ 2 ಭಾಗ, 3ಕ್ಕೆ 4, 4ಕ್ಕೆ 8, 5ಕ್ಕೆ 16. ಮುಂದಿನದು ಎಷ್ಟೆಂದು ಕೇಳಿದರೆ ಮಕ್ಕಳೇಕೆ, ದೊಡ್ಡವರೂ 32 ಎನ್ನುತ್ತಾರೆ. ಎಣಿಸಿ ನೋಡಿದರೆ 31! ಗೆರೆಗಳನ್ನು ಹೇಗೆ ಎಳೆದರೂ ಒಂದು ಭಾಗ ಕಡಿಮೆಯೇ.

ಇನ್ನೊಂದು ನಿದರ್ಶನ ಆಯ್ಲರ್ ಎಂಬ ಮಹಾಗಣಿತಜ್ಞನ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಅದೇ ಸಂಖ್ಯೆಯನ್ನು ಕೂಡಿಸಿ, ಮತ್ತೆ 41 ಸೇರಿಸಿರಿ. 1ರಿಂದ ಆರಂಭಿಸಿದರೆ 43, 2ರಿಂದ 47, 3ರಿಂದ 53. ಎಲ್ಲವೂ ಅವಿಭಾಜ್ಯ ಸಂಖ್ಯೆಗಳು. ಹೀಗೆ 39ರವರೆಗೂ ಒಂದೂ ತಪ್ಪುವುದಿಲ್ಲ. ಆದರೆ 40ಕ್ಕೆ ಬಂದಾಗ ದೊರೆಯುವುದು 1681. ಅದು 41ನ್ನು 41ರಿಂದ ಗುಣಿಸಿದ ಫಲ. ಮೂವತ್ತೊಂಬತ್ತು ಸಾಕ್ಷಿಗಳು ಒಂದೇ ಮಾತನ್ನು ಹೇಳಿದ ಮೇಲೆ ನಲವತ್ತನೆಯವನು ಬಂದು ಮೊಕದ್ದಮೆಯನ್ನೇ ಬೀಳಿಸಿದಂತಾಯಿತು. ಎಷ್ಟು ಉದಾಹರಣೆ ಕೂಡಿದರೂ ‘ಎಂದೆಂದಿಗೂ’ ಎಂಬ ಮಾತು ಸಿದ್ಧಿಸುವುದಿಲ್ಲವೆಂದು ಮಗುವಿಗೆ ಮನಗಾಣಿಸಲು ಇಂಥ ಒಂದೆರಡು ಪ್ರಸಂಗಗಳು ಸಾಕು. ಸಾಧನೆ ಯಾಕೆ ಬೇಕು ಎಂಬ ಹಸಿವು ಆಗ ಹುಟ್ಟುತ್ತದೆ. ಹಸಿವಿಲ್ಲದವನಿಗೆ ಬಡಿಸಿದ ಊಟವೇ ನಮ್ಮ ಕಂಠಪಾಠದ ಸಾಧನೆಗಳು.

ಅಡಿಕೆಯ ಜೋಡಿಗಳು ಹೇಳುವ ಸತ್ಯ

ಹಾಗಾದರೆ ಉದಾಹರಣೆಗೆ ಬೆಲೆಯೇ ಇಲ್ಲವೇ? ಇದೆ, ಅದನ್ನು ನೋಡುವ ಕಣ್ಣು ಬೇಕು. ಎರಡು ಬೆಸಸಂಖ್ಯೆಗಳನ್ನು ಕೂಡಿಸಿದರೆ ಸಮಸಂಖ್ಯೆ ಬರುತ್ತದೆಂದು ಎಲ್ಲರಿಗೂ ಗೊತ್ತು. ಐದನೆಯ ತರಗತಿಯ ಹುಡುಗನನ್ನು ಕೇಳಿದರೆ 7 ಮತ್ತು 5 ಕೂಡಿದರೆ 12 ಎಂದು ತೋರಿಸುತ್ತಾನೆ. ಅವನ ಮುಂದೆ ಒಂದು ಹಿಡಿ ಅಡಿಕೆಯನ್ನು ಇಡಿರಿ. 7 ಅಡಿಕೆಯನ್ನು ಎರಡೆರಡಾಗಿ ಜೋಡಿಸಿದರೆ ಮೂರು ಜೋಡಿಯಾಗಿ ಒಂದು ಒಂಟಿ ಉಳಿಯುತ್ತದೆ. 5ನ್ನು ಜೋಡಿಸಿದರೆ ಎರಡು ಜೋಡಿ, ಮತ್ತೊಂದು ಒಂಟಿ. ಎರಡು ರಾಶಿಗಳನ್ನು ಕೂಡಿಸಿದಾಗ ಒಂಟಿಗೆ ಒಂಟಿ ಜೊತೆಯಾಯಿತು. ಉಳಿದದ್ದು ಏನೂ ಇಲ್ಲ.

ಈಗ ಕೇಳಬೇಕಾದ ಪ್ರಶ್ನೆ ಇದು: “7ರ ಬದಲಿಗೆ 107 ಇದ್ದಿದ್ದರೆ?” ಹುಡುಗ ಎಣಿಸದೆಯೇ ಹೇಳುತ್ತಾನೆ: “ಆಗಲೂ ಒಂದೇ ಅಲ್ಲವೇ ಉಳಿಯುವುದು?” ಆ ಕ್ಷಣದಲ್ಲಿ ಅವನು ಉದಾಹರಣೆಯನ್ನು ದಾಟಿದ್ದಾನೆ. ಅವನ ಕೈಯಲ್ಲಿರುವುದು 7 ಅಡಿಕೆಯಾದರೂ ಮನಸ್ಸಿನಲ್ಲಿರುವುದು ‘ಯಾವುದೇ ಬೆಸಸಂಖ್ಯೆ’. ಎಂಟನೆಯ ತರಗತಿಯಲ್ಲಿ ಬೀಜಗಣಿತ ಬಂದಾಗ ಈ ಜೋಡಿಗಳ ಲೆಕ್ಕವನ್ನೇ ಅಕ್ಷರಗಳಲ್ಲಿ ಬರೆಯುತ್ತೇವೆ: ಜೋಡಿಗಳ ಎರಡರಷ್ಟಕ್ಕೆ ಒಂದು ಕೂಡಿದರೆ ಬೆಸ, ಅಂಥ ಎರಡನ್ನು ಸೇರಿಸಿದರೆ, ಎರಡೂ ರಾಶಿಗಳ ಜೋಡಿಗಳು ಮತ್ತು ಒಂಟಿಗಳಿಂದಾದ ಹೊಸ ಜೋಡಿ ಒಂದು. ಅಕ್ಷರಗಳು ಹೊಸತನ್ನೇನೂ ಹೇಳಲಿಲ್ಲ. ಅಡಿಕೆ ಹೇಳಿದ್ದನ್ನು ಎಲ್ಲ ಕಾಲಕ್ಕೂ ನಿಲ್ಲುವಂತೆ ಬರೆದಿಟ್ಟವು. ಫ್ರಾನ್ಸಿನ ನಿಕೊಲಾ ಬಾಲಶೆಫ್ 1980ರ ದಶಕದಲ್ಲಿ ಮಕ್ಕಳ ಸಮರ್ಥನೆಗಳನ್ನು ಅಭ್ಯಸಿಸಿ, ಬರಿಯ ಪರೀಕ್ಷೆಯಿಂದ ಮನಸ್ಸಿನ ಪ್ರಯೋಗದವರೆಗೆ ಇರುವ ಮೆಟ್ಟಿಲುಗಳನ್ನು ಗುರುತಿಸಿದರು. ಅವುಗಳಲ್ಲಿ ಒಂದು, ಒಂದೇ ಉದಾಹರಣೆಯಲ್ಲಿ ಎಲ್ಲವನ್ನೂ ಕಾಣುವ ಈ ಮೆಟ್ಟಿಲು. ಈ ಮೆಟ್ಟಿಲನ್ನು ಹಾರಿಸಿ ನೇರವಾಗಿ ಅಕ್ಷರಗಳಿಗೆ ಹೋದ ಮಗುವಿಗೆ ಅಕ್ಷರಗಳಷ್ಟೇ ಉಳಿಯುತ್ತವೆ.

ಅಂಗಳದ ಎರಡು ಕೋಲುಗಳು

ವಾದಕ್ಕೂ ಸಾಧನೆಗೂ ನಡುವೆ ಕಂದಕವಿದೆ ಎಂಬುದು ಒಂದು ಪಕ್ಷವಾದರೆ, ಸೇತುವೆಯೂ ಇದೆ ಎಂಬುದು ಇಟಲಿಯ ಪಾವೊಲೊ ಬೊಯೆರೊ ಮತ್ತು ಸಂಗಡಿಗರ ಪಕ್ಷ. 1996ರಲ್ಲಿ ಪ್ರಕಟವಾದ ಅವರ ಕೆಲಸ ಎಂಟನೆಯ ತರಗತಿಯ ಮಕ್ಕಳೊಂದಿಗೆ ನಡೆದದ್ದು. ಅವರು ಒಡ್ಡಿದ ಪ್ರಶ್ನೆಯನ್ನು ನಮ್ಮ ಅಂಗಳದಲ್ಲಿಯೂ ಇಡಬಹುದು.

ಸಮತಟ್ಟಾದ ನೆಲದಲ್ಲಿ ಎರಡು ಕೋಲುಗಳನ್ನು ನೆಟ್ಟಗೆ ಊರಿದರೆ ಅವುಗಳ ನೆರಳುಗಳು ಯಾವಾಗಲೂ ಸಮಾಂತರ. ಈಗ ಒಂದು ಕೋಲು ನೆಟ್ಟಗಿದ್ದು ಇನ್ನೊಂದು ವಾಲಿದ್ದರೆ? ನೆರಳುಗಳು ಸಮಾಂತರವಾಗಬಲ್ಲವೇ? ಆಗಬಲ್ಲವಾದರೆ ಯಾವಾಗ? ಕೋಲುಗಳೇ ಸಮಾಂತರವಲ್ಲದಿರುವಾಗ ನೆರಳು ಹೇಗಾದೀತು ಎಂದು ಮೊದಲಿಗೆ ಅನಿಸುತ್ತದೆ. ಆದರೆ ಕೋಲನ್ನೂ ಸೂರ್ಯನನ್ನೂ ಮನಸ್ಸಿನಲ್ಲಿಯೇ ಅತ್ತಿತ್ತ ಸರಿಸಿ ನೋಡಿದರೆ ಬೇರೆಯೇ ಸಂಗತಿ ಹೊಳೆಯುತ್ತದೆ. ಸೂರ್ಯನ ದಿಕ್ಕಿಗೆ ಬೆನ್ನು ಮಾಡಿ ನಿಂತು ನೋಡಿರಿ. ವಾಲಿದ ಕೋಲು ಎಡಕ್ಕಾಗಲಿ ಬಲಕ್ಕಾಗಲಿ ಬಾಗದೆ ಸೂರ್ಯನ ಕಡೆಗೋ ಅದಕ್ಕೆ ನೇರ ಎದುರಿಗೋ ವಾಲಿದ್ದರೆ ಆ ಕಡೆಯಿಂದ ಅದೂ ನೆಟ್ಟಗೆಯೇ ಕಾಣುತ್ತದೆ. ಆಗ ಅದರ ನೆರಳು ನೆಟ್ಟಗಿನ ಕೋಲಿನ ನೆರಳಿಗೆ ಸಮಾಂತರ. ಉಳಿದ ದಿಕ್ಕುಗಳಲ್ಲಿ ಇಲ್ಲ.

ಇಷ್ಟು ವಾದವಾಯಿತು. ಸಾಧನೆ ಹೀಗೆ: ಸೂರ್ಯಕಿರಣಗಳು ಪರಸ್ಪರ ಸಮಾಂತರವೆಂದು ಇಟ್ಟುಕೊಳ್ಳೋಣ. ಒಂದು ಕೋಲೂ ಅದನ್ನು ತಾಗಿ ಬರುವ ಕಿರಣಗಳೂ ಸೇರಿ ಒಂದು ಸಮತಲವಾಗುತ್ತದೆ. ಆ ಸಮತಲ ನೆಲವನ್ನು ಕೊಯ್ಯುವ ಗೆರೆಯೇ ನೆರಳು. ಎರಡು ಕೋಲುಗಳ ನೆರಳುಗಳು ಸಮಾಂತರವಾಗಿದ್ದರೆ, ಕಿರಣಗಳೂ ಸಮಾಂತರವಾದ್ದರಿಂದ ಎರಡು ಸಮತಲಗಳೂ ಸಮಾಂತರ. ಮೊದಲನೆಯದು ನೆಟ್ಟಗಿನ ಕೋಲನ್ನು ಒಳಗೊಂಡಿರುವುದರಿಂದ ಅದು ನೆಲಕ್ಕೆ ಲಂಬ. ಆದ್ದರಿಂದ ಎರಡನೆಯದೂ ಲಂಬ; ಅಂದರೆ ವಾಲಿದ ಕೋಲು ಸೂರ್ಯನ ದಿಕ್ಕಿನ ಲಂಬ ಸಮತಲದಲ್ಲಿಯೇ ವಾಲಿರಬೇಕು. ‘ಆ ಕಡೆಯಿಂದ ನೆಟ್ಟಗೆ ಕಾಣುತ್ತದೆ’ ಎಂದು ಕಣ್ಣು ಹೇಳಿದ್ದನ್ನು ‘ಲಂಬ ಸಮತಲದಲ್ಲಿದೆ’ ಎಂದು ಸಾಧನೆ ಹೇಳಿತು. ಊಹೆಯನ್ನು ಕಟ್ಟುವಾಗ ಮಗು ತಾನೇ ಬಳಸಿದ ಮಾತುಗಳು ಸಾಧನೆಯಲ್ಲಿ ಮರಳಿ ಬರುತ್ತವೆ. ಊಹೆ ಸ್ವಂತದ್ದಾದರೆ ಸಾಧನೆಯ ಹಾದಿ ಸುಗಮ ಎಂಬುದು ಆ ಸಂಶೋಧಕರ ಕಾಣಿಕೆ. ನಮ್ಮಲ್ಲಿ ಊಹೆಯನ್ನೂ ಪುಸ್ತಕವೇ ಹೇಳುತ್ತದೆ, ಸಾಧನೆಯನ್ನೂ ಪುಸ್ತಕವೇ ಕೊಡುತ್ತದೆ. ಮಗುವಿಗೆ ಉಳಿದದ್ದು ನಕಲು ಮಾಡುವ ಕೆಲಸ.

ಇಲ್ಲಿಗೆ ಮುಗಿಯಲಿಲ್ಲ. ತುಂಟ ಹುಡುಗನೊಬ್ಬ ಕೇಳಬಹುದು: “ಸೂರ್ಯ ನೆತ್ತಿಯ ಮೇಲೆಯೇ ಇದ್ದರೆ?” ಕಾಸರಗೋಡು ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ದಕ್ಷಿಣಕ್ಕಿರುವುದರಿಂದ ವರ್ಷಕ್ಕೆ ಎರಡು ದಿನ ಮಧ್ಯಾಹ್ನ ಸೂರ್ಯ ಸರಿಯಾಗಿ ನಮ್ಮ ನೆತ್ತಿಗೆ ಬರುತ್ತಾನೆ. ಆಗ ನೆಟ್ಟಗಿನ ಕೋಲಿಗೆ ನೆರಳೇ ಇಲ್ಲ. ಇನ್ನೊಬ್ಬಳು, “ಕೋಲು ಸರಿಯಾಗಿ ಸೂರ್ಯನ ಕಡೆಗೇ ಚಾಚಿದ್ದರೆ ಅದರ ನೆರಳು ಒಂದು ಚುಕ್ಕಿ ಮಾತ್ರವಲ್ಲವೇ?” ಎನ್ನಬಹುದು. ಇವು ತರಲೆಗಳಲ್ಲ. ಇಂಥ ಆಕ್ಷೇಪಗಳಿಂದಲೇ ಪ್ರಮೇಯ ತನ್ನ ಗಡಿಗಳನ್ನು ತಿಳಿದುಕೊಳ್ಳುತ್ತದೆ, ಬೇಕಾದ ಷರತ್ತುಗಳನ್ನು ಸೇರಿಸಿಕೊಳ್ಳುತ್ತದೆ. ಇಮ್ರೆ ಲಾಕಟೋಶ್ ಎಂಬ ತತ್ತ್ವಜ್ಞಾನಿಯ, 1976ರಲ್ಲಿ ಮರಣೋತ್ತರವಾಗಿ ಪುಸ್ತಕರೂಪದಲ್ಲಿ ಬಂದ ‘ಸಾಧನೆಗಳು ಮತ್ತು ಖಂಡನೆಗಳು’ ಎಂಬ ಗ್ರಂಥ ಇಡಿಯಾಗಿ ಒಂದು ಕಾಲ್ಪನಿಕ ತರಗತಿಯ ಸಂವಾದ. ಶಿಷ್ಯರು ಒಂದೊಂದೇ ವಿರುದ್ಧ ಉದಾಹರಣೆಯನ್ನು ತಂದಂತೆಲ್ಲ ಪ್ರಮೇಯವೂ ಸಾಧನೆಯೂ ತಿದ್ದಿಕೊಳ್ಳುತ್ತ ಬೆಳೆಯುತ್ತವೆ. ಗಣಿತ ಪುಸ್ತಕದಲ್ಲಿ ಹುಟ್ಟಿದ್ದಲ್ಲ, ವಾದದಲ್ಲಿ ಹುಟ್ಟಿ ಪುಸ್ತಕಕ್ಕೆ ಸೇರಿದ್ದು ಎಂಬುದನ್ನು ಅದು ತೋರಿಸುತ್ತದೆ.

ಯುಕ್ತಿ ಮನೆಮಾತಿನಲ್ಲಿ ಇಳಿದಾಗ

ಈ ಮಾತು ನಮಗೆ ಪರದೇಶದಿಂದ ಬರಬೇಕಾಗಿರಲಿಲ್ಲ. 1150ರಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ರಚಿಸಿದ ಭಾಸ್ಕರಾಚಾರ್ಯರು ಅದರ ಗೋಲಾಧ್ಯಾಯದ ಆರಂಭದಲ್ಲಿ ಉಪಪತ್ತಿಯ ಅಗತ್ಯವನ್ನು ಹೇಳುತ್ತಾರೆ. ಉಪಪತ್ತಿಯಿಲ್ಲದ ಗಣಕನಿಗೆ ಪ್ರೌಢಸಭೆಯಲ್ಲಿ ಮನ್ನಣೆಯೂ ಸಿಗದು, ಸ್ವತಃ ಅವನ ಸಂಶಯವೂ ತೀರದು ಎಂಬುದು ಆ ಮಾತಿನ ತಾತ್ಪರ್ಯ. ಸಭೆಯನ್ನು ಒಪ್ಪಿಸುವುದು, ತನ್ನ ಸಂಶಯವನ್ನು ನೀಗುವುದು: ವಾದದ ಗುರಿ ಮತ್ತು ಸಾಧನೆಯ ಗುರಿ ಎರಡೂ ಒಂದೇ ಉಸಿರಿನಲ್ಲಿ ಬಂದಿವೆ.

ಇನ್ನೊಂದು ಉದಾಹರಣೆ ನಾವು ಬದುಕುತ್ತಿರುವ ಕೇರಳದ್ದೇ. ಸುಮಾರು 1530ರಲ್ಲಿ ಜ್ಯೇಷ್ಠದೇವನು ‘ಯುಕ್ತಿಭಾಷಾ’ ಎಂಬ ಗ್ರಂಥವನ್ನು ಬರೆದನು. ಸಂಗಮಗ್ರಾಮದ ಮಾಧವನ ಪರಂಪರೆಯಲ್ಲಿ ಬೆಳೆದ ವೃತ್ತಪರಿಧಿಯ ಅನಂತಶ್ರೇಣಿಯಂಥ ಅತಿಸೂಕ್ಷ್ಮ ಫಲಗಳಿಗೆ ಅಲ್ಲಿ ಹಂತಹಂತವಾಗಿ ಯುಕ್ತಿಗಳನ್ನು ಕೊಟ್ಟಿದೆ. ವಿದ್ವತ್ತಿನ ಭಾಷೆ ಸಂಸ್ಕೃತವಾಗಿದ್ದ ಕಾಲದಲ್ಲಿ ಅವನು ಬರೆದದ್ದು ಮಲಯಾಳದ ಗದ್ಯದಲ್ಲಿ. ಸೂತ್ರವನ್ನು ಶ್ಲೋಕದಲ್ಲಿ ಕಟ್ಟಿ ಬಾಯಿಪಾಠ ಮಾಡಬಹುದು. ಯುಕ್ತಿಯನ್ನು ಬಿಡಿಸಿ ಹೇಳಲು ನಾಲಗೆಯ ಮೇಲಿರುವ ಮಾತು ಅನುಕೂಲ. ನಮ್ಮ ಕನ್ನಡದಲ್ಲಿಯೂ ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ರಚಿಸಿ ಲೆಕ್ಕವನ್ನು ನಾಡಮಾತಿಗೆ ತಂದಿದ್ದನು.

‘ಗಣಿತಕ್ಕೆ ಭಾಷೆಯಿಲ್ಲ’ ಎಂಬ ಮಾತು

ಮಗುವನ್ನು ಕನ್ನಡ ಮಾಧ್ಯಮದಲ್ಲಿ ಮುಂದುವರಿಸಬೇಕೇ ಎಂದು ಹೆತ್ತವರು ಚಿಂತಿಸುವಾಗ ಕೇಳಿಬರುವ ಮಾತೊಂದಿದೆ: “ಉಳಿದ ವಿಷಯ ಹೇಗೂ ಇರಲಿ, ಗಣಿತಕ್ಕೆ ಭಾಷೆಯೇ ಬೇಡವಲ್ಲ, ಅದನ್ನು ಇಂಗ್ಲಿಷಿನಲ್ಲಿಯೇ ಕಲಿಯಲಿ.” ಕೂಡಿಸುವ ಕಳೆಯುವ ಲೆಕ್ಕಕ್ಕೆ ಈ ಮಾತು ಒಂದಷ್ಟು ಹೊಂದೀತು. ಸಾಧನೆಗೆ ಹೊಂದದು. ಗಣಿತದಲ್ಲಿ ಭಾಷೆ ಅತ್ಯಂತ ಬಿಗಿಯಾಗಿ ಬೇಕಾಗುವ ಸ್ಥಳವೇ ಸಾಧನೆ.

ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ. ಅಂಗಳ ಒದ್ದೆಯಾಗಿದೆಯೆಂದ ಮಾತ್ರಕ್ಕೆ ಮಳೆ ಬಂದಿದೆ ಎನ್ನಬಹುದೇ? ಅಮ್ಮ ನೀರು ಚಿಮುಕಿಸಿರಬಹುದು. ಇಷ್ಟನ್ನು ತಿಳಿದ ಮಗುವಿಗೆ ಪ್ರಮೇಯ ಬೇರೆ, ಅದರ ವಿಲೋಮ ಬೇರೆ ಎಂಬುದು ಅರ್ಥವಾಗುತ್ತದೆ. “ಮದುವೆಗೆ ಎಲ್ಲರೂ ಬಂದಿದ್ದರು” ಎಂದಾಗ ನಾಲ್ಕಾರು ಮಂದಿ ಬಾರದಿದ್ದರೂ ಮಾತು ಸುಳ್ಳಲ್ಲ. ಗಣಿತದ ‘ಎಲ್ಲ’ ಒಬ್ಬನು ತಪ್ಪಿದರೂ ಮುರಿದುಬೀಳುತ್ತದೆ. ‘ಆದರೆ’ ಮತ್ತು ‘ಆದರೆ ಮಾತ್ರ’, ‘ಒಂದು’ ಮತ್ತು ‘ಯಾವುದೇ ಒಂದು’: ಇವುಗಳ ನಡುವಿನ ಕೂದಲೆಳೆಯ ಅಂತರವನ್ನು ಮಗು ಮೊದಲು ಹಿಡಿಯುವುದು ತಾನು ಜಗಳವಾಡುವ ಭಾಷೆಯಲ್ಲಿ, ಕಥೆ ಕೇಳುವ ಭಾಷೆಯಲ್ಲಿ.

ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ನಮ್ಮ ತರಗತಿಯ ಮಕ್ಕಳಲ್ಲಿ ಹಲವರ ಮನೆಮಾತು ತುಳು, ಕೊಂಕಣಿ, ಮಲಯಾಳ, ಮರಾಠಿ. ಹವ್ಯಕ ಕನ್ನಡವಾದರೂ ಪುಸ್ತಕದ ಕನ್ನಡವಲ್ಲ. ‘ಸರ್ವಸಮತೆ’, ‘ವಿಲೋಮ’ಗಳಂಥ ಪದಗಳು ಯಾರ ಅಡುಗೆಮನೆಯಲ್ಲೂ ಕೇಳಿಬರುವುದಿಲ್ಲ. ಆದ್ದರಿಂದ ಕನ್ನಡ ಮಾಧ್ಯಮವೆಂಬ ಹೆಸರೊಂದರಿಂದಲೇ ಸಾಧನೆ ಸುಲಭವಾಗದು. ಕನ್ನಡದಲ್ಲಿ ಕಂಠಪಾಠ ಮಾಡಿದ ಎಂಟು ಸಾಲಿಗೂ ಇಂಗ್ಲಿಷಿನಲ್ಲಿ ಕಂಠಪಾಠ ಮಾಡಿದ ಎಂಟು ಸಾಲಿಗೂ ವ್ಯತ್ಯಾಸವಿಲ್ಲ. ನಮ್ಮ ಶಾಲೆಗಳಿಗಿರುವ ಅನುಕೂಲ ಬೇರೆ: ಶಿಕ್ಷಕರೂ ಮಕ್ಕಳೂ ಒಂದೇ ಊರಿನವರಾಗಿರುವಲ್ಲಿ ಮಗು ತುಳುವಿನಲ್ಲಿ ಆರಂಭಿಸಿದ ವಾದವನ್ನು ಶಿಕ್ಷಕರು ಆಲಿಸಬಲ್ಲರು, ಅದನ್ನು ಮೆಲ್ಲನೆ ಬರಹದ ಕನ್ನಡಕ್ಕೆ ತರಬಲ್ಲರು. ಈ ಅನುಕೂಲವನ್ನು ಬಳಸದೆ ಬಿಟ್ಟರೆ ಮಾಧ್ಯಮದ ಪರವಾಗಿ ನಾವಾಡುವ ಮಾತೂ ಬರಿಯ ವಾದವಾಗಿ ಉಳಿಯುತ್ತದೆ, ಸಾಧನೆಯಾಗುವುದಿಲ್ಲ.

ಮನೆಯಲ್ಲಿ ಕೇಳಬಹುದಾದ ಮೂರು ಪ್ರಶ್ನೆಗಳು

ಹೆತ್ತವರು ಗಣಿತ ಬಲ್ಲವರಾಗಿರಬೇಕಾಗಿಲ್ಲ. 1982ರಲ್ಲಿ ಜಾನ್ ಮೇಸನ್ ಮತ್ತು ಸಂಗಡಿಗರು ಬರೆದ ಗಣಿತ ಚಿಂತನೆಯ ಪುಸ್ತಕವೊಂದರಲ್ಲಿ ಸರಳವಾದ ಕ್ರಮವೊಂದಿದೆ: ಮೊದಲು ನಿನ್ನನ್ನು ಒಪ್ಪಿಸಿಕೋ, ಆಮೇಲೆ ಗೆಳೆಯನನ್ನು, ಕೊನೆಗೆ ಎದುರಾಳಿಯನ್ನು. ಇದನ್ನು ಮೂರು ಪ್ರಶ್ನೆಗಳಾಗಿ ಕೇಳಬಹುದು. ‘ನಿನಗೆ ಯಾಕೆ ಹಾಗೆನಿಸಿತು?’ ಎಂಬುದು ಮೊದಲನೆಯದು. ‘ಯಾವಾಗಲೂ ಹಾಗೆಯೇ ಆಗುತ್ತದೆಯೇ?’ ಎಂಬುದು ಎರಡನೆಯದು. ‘ಇಲ್ಲವೆಂದು ಹಟ ಹಿಡಿದವನಿಗೆ ಏನು ಹೇಳುತ್ತೀ?’ ಎಂಬುದು ಮೂರನೆಯದು. ಉತ್ತರ ತಪ್ಪಾದರೂ ಬೈಯಬಾರದು. ತಪ್ಪನ್ನು ಮಗುವೇ ಕಂಡುಹಿಡಿಯುವಂತೆ ಇನ್ನೊಂದು ಉದಾಹರಣೆಯನ್ನು ಮುಂದಿಟ್ಟರೆ ಸಾಕು. ಮೊದಲು ಬಾಯಲ್ಲಿ, ತನ್ನ ಮಾತಿನಲ್ಲಿ ಹೇಳಲಿ, ಬರೆಯುವುದು ಆಮೇಲೆ.

ಆ ಸಂಜೆ ಕುಂಬಳೆಯ ಚಾವಡಿಯಲ್ಲಿಯೂ ನಡೆದದ್ದು ಇಷ್ಟೇ. ನೋಟುಪುಸ್ತಕವನ್ನು ಮುಚ್ಚಿಸಿ, ಅಜ್ಜನಿಗೆ ಅರ್ಥವಾಗುವಂತೆ ಹೇಳು ಎಂದೆ. ಅವಳು ಅರ್ಧವೃತ್ತವನ್ನು ಬರೆದು, ಸ್ವಲ್ಪ ಹೊತ್ತು ನೋಡಿ, ಕೇಂದ್ರದಿಂದ ಮೇಲಿನ ಮೂಲೆಗೆ ಒಂದು ಗೆರೆ ಎಳೆದಳು.

“ಅಜ್ಜ, ಈಗ ಎರಡು ತ್ರಿಕೋನ ಆಯಿತು. ನಡುವಿನಿಂದ ಅಂಚಿಗೆ ಎಲ್ಲ ಕಡೆಯೂ ಒಂದೇ ದೂರ. ಹಾಗಾಗಿ ಎರಡು ತ್ರಿಕೋನದಲ್ಲೂ ಎರಡೆರಡು ಬದಿ ಸಮ. ಬದಿ ಸಮ ಆದರೆ ಅವುಗಳ ಎದುರಿನ ಕೋನವೂ ಸಮ. ಅಂದರೆ ಮೇಲಿನ ಮೂಲೆಯ ಎಡದ ತುಂಡು ಎಡಬದಿಯ ಕೋನದಷ್ಟು, ಬಲದ ತುಂಡು ಬಲಬದಿಯ ಕೋನದಷ್ಟು. ಮೇಲಿನದು ಕೆಳಗಿನ ಎರಡನ್ನೂ ಕೂಡಿಸಿದಷ್ಟು. ಮೂರೂ ಸೇರಿದರೆ 180. ಹಾಗಾದರೆ ಮೇಲಿನದು ಅದರ ಅರ್ಧ!”

ಅಜ್ಜ ಸುಲಿದ ಅಡಿಕೆಯನ್ನು ಬುಟ್ಟಿಗೆ ಹಾಕಿ ಕೇಳಿದರು: “ಮೂರೂ ಸೇರಿದರೆ 180 ಎಂದು ಯಾಕೆ?”

ಹುಡುಗಿ ಅರೆಕ್ಷಣ ತಬ್ಬಿಬ್ಬಾದಳು. ಅನಂತರ ಹೊಸ ಹಾಳೆ ತೆಗೆದಳು.